ಆರು ನಿಮಿಷದ ಊಟ

2018ರ ಮಾರ್ಚ್ ತಿಂಗಳ ಒಂದು ಬುಧವಾರ ಸಂಜೆ ಎಂಟು ಗಂಟೆ ದಾಟಿದ ಮೇಲೆ, ಟೋಕಿಯೊ ಪಕ್ಕದ ಉರಯಾಸುವಿನ ಒಂದು ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ರೂಪಾಳ ಎಡಗೈ ಮಣಿಕಟ್ಟಿನ ಹತ್ತಿರ ಮುರಿಯಿತು. ಮುರಿದವನು ಅವಳ ಗಂಡ ಸತೀಶ. ಹೊಡೆಯಲು ಬಳಸಿದ್ದು ಬಟ್ಟೆಯ ಚೀಲದಲ್ಲಿದ್ದ ಐದು ಪೊಟ್ಟಣ ಫ್ರೋಜನ್ ಗ್ರಾಟಿನ್, ಅಂದರೆ ಬಿಳಿ ಸಾಸು, ಚೀಸ್ ಹಾಕಿ ಬೇಯಿಸಿ ಹೆಪ್ಪುಗಟ್ಟಿಸಿದ ತರಕಾರಿ. ಆ ಚೀಲವನ್ನು ಅವನ ಕೈಗೆ ಕೊಟ್ಟವಳು ನಾನು. ಹೆಸರುಗಳನ್ನು ಬದಲಿಸಿದ್ದೇನೆ. ಉಳಿದದ್ದು ನಡೆದಂತೆಯೇ ಇದೆ.

ನಾನೂ ನನ್ನ ಗಂಡನೂ ಈಗ ಜಪಾನಿನ ಉತ್ತರಕ್ಕಿರುವ ಸೆಂಡಾಯ್‌ನಲ್ಲಿದ್ದೇವೆ. ಹೋದ ತಿಂಗಳು ಇಲ್ಲಿನ ಸೂಪರ್ ಮಾರ್ಕೆಟ್ಟಿನ ಫ್ರೀಜರ್ ಸಾಲಿನಲ್ಲಿ ಅದೇ ಕಂಪನಿಯ ಪೊಟ್ಟಣ ಕಂಡಿತು. ಎರಡು ತಂದು ಒಂದನ್ನು ಮೈಕ್ರೊವೇವಿನಲ್ಲಿಟ್ಟೆ. ನಾಲ್ಕನೇ ನಿಮಿಷಕ್ಕೆ ಚೀಸ್‌ನ ಅಂಚು ಸೀಯುವ ವಾಸನೆ ಬಂತು. ಬಾಯಲ್ಲಿ ನೀರೂರಿತು. ಆಮೇಲೆ ಕಾಲಿನ ಮೀನಖಂಡದ ಹಳೆಯ ಗಾಯದ ಮೇಲೆ ಕೈ ಹೋಯಿತು. ಪರದೇಶದಲ್ಲಿರುವವರು ಬಿಸಿಬೇಳೆಬಾತಿಗೋ ಅಕ್ಕಿರೊಟ್ಟಿಗೋ ಹಂಬಲಿಸುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ನನಗೆ ಅವೆರಡನ್ನೂ ಮನೆಯಲ್ಲೇ ಮಾಡಿಕೊಳ್ಳಲು ಬರುತ್ತದೆ. ಪ್ಲಾಸ್ಟಿಕ್ ತಟ್ಟೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಕೂತ ಪಾಲಕ್, ಆಲೂಗೆಡ್ಡೆ, ಬಿಳಿ ಸಾಸು, ಮೇಲೊಂದು ಪದರ ಚೀಸ್, ಎದುರಿಗೆ ಟಿವಿ: ನನ್ನನ್ನು ಹಿಂದಕ್ಕೆ ಎಳೆಯುವುದು ಇದು.

ಆ ವರ್ಷ ನಾನು ಬೆಂಗಳೂರಿನ ಒಂದು ಸುದ್ದಿ ಜಾಲತಾಣಕ್ಕೆ ಮನೆಯಿಂದಲೇ ವರದಿಗಾರರ ಪ್ರತಿ ತಿದ್ದುತ್ತಿದ್ದೆ. ಅದಕ್ಕೂ ಮೊದಲು ಹತ್ತು ವರ್ಷ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ, ಹೆಚ್ಚಾಗಿ ಅಪರಾಧ ಸುದ್ದಿಯ ಪುಟಕ್ಕೆ. ಜಪಾನಿನ ಗಡಿಯಾರ ಮೂರೂವರೆ ಗಂಟೆ ಮುಂದಿರುವುದರಿಂದ ಬೆಳಗಿನ ಪಾಳಿ ನನಗೆ ಸಂಜೆ ನಾಲ್ಕಕ್ಕೆ ಮುಗಿಯುತ್ತಿತ್ತು. ನನ್ನ ಗಂಡ ಆಫೀಸಿನಿಂದ ಬರುತ್ತಿದ್ದುದು ಒಂಬತ್ತರ ಮೇಲೆ. ಒಬ್ಬಳಿಗಾಗಿ ಒಲೆ ಹಚ್ಚಲು ಬೇಸರ. ಹಾಗಾಗಿ ಫ್ರೀಜರ್ ತುಂಬಿಸಿಡುತ್ತಿದ್ದೆ. ಸಸ್ಯಾಹಾರಿಗಳಿಗೆ ಅದು ಸುಲಭದ ಕೆಲಸವಲ್ಲ. ಪಾಲಕ್ ಎಂದು ಬರೆದ ಪೊಟ್ಟಣದಲ್ಲೂ ಕೋಳಿಯ ಸತ್ವ ಇರುತ್ತದೆ. ಹಿಂಬದಿಯ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಓದಿ, ಎಂಟು ತಿಂಗಳ ಮೇಲೆ ಈ ಒಂದು ಗ್ರಾಟಿನ್ ಸಿಕ್ಕಿತ್ತು.

ರೂಪಾ ಪಕ್ಕದ ಮನೆಯವಳು. ನನಗಿಂತ ಆರು ವರ್ಷ ಚಿಕ್ಕವಳು, ಬೆಂಗಳೂರಿನ ಬಸವನಗುಡಿ ಕಡೆಯವಳು. ಮಗಳು ಧೃತಿಗೆ ಆರು ವರ್ಷ, ಏಪ್ರಿಲ್‌ನಲ್ಲಿ ಒಂದನೇ ತರಗತಿಗೆ ಸೇರಬೇಕಿತ್ತು. ಜನವರಿಯ ಒಂದು ಸಂಜೆ ಐದು ಗಂಟೆಗೆ ರೂಪಾ ಮಗಳ ಕೈ ಹಿಡಿದು ಬಾಗಿಲಿಗೆ ಬಂದಳು. ಇನ್ನೊಂದು ಕೈಯಲ್ಲಿ ನಾನೇ ಹೇಳಿದ್ದ ಆ ಗ್ರಾಟಿನ್‌ನ ಎರಡು ಪೊಟ್ಟಣ.

"ಅಕ್ಕ, ಇದನ್ನ ನಿಮ್ಮ ಫ್ರೀಜರ್‌ನಲ್ಲಿ ಇಟ್ಕೋತೀರಾ? ನಮ್ಮನೇಲಿ ಇವರು ಫ್ರೋಜನ್ ಕಂಡ್ರೆ ತಂಗಳು ಅಂತಾರೆ."

"ಇಟ್ಕೊಳ್ಳೋಕೆ ಬಾಡಿಗೆ ಆಗತ್ತೆ."

"ಏನು?"

"ಇಲ್ಲೇ ಕೂತು ತಿನ್ನಬೇಕು. ನನಗೂ ಜೊತೆ."

ಅವರ ಮನೆಯ ಪದ್ಧತಿ ಹೀಗಿತ್ತು. ಸತೀಶ ಏಳೂವರೆಗೆ ಬರಬೇಕು, ಸ್ನಾನ ಮಾಡಬೇಕು, ಊಟಕ್ಕೆ ಕೂರಬೇಕು. ಕಾವಲಿಯಿಂದ ಚಪಾತಿ ನೇರವಾಗಿ ಅವನ ತಟ್ಟೆಗೆ ಬೀಳಬೇಕು. ಅವನ ಊಟ ಮುಗಿಯುವ ತನಕ ತಾಯಿ ಮಗಳು ತಿನ್ನುವಂತಿಲ್ಲ. ಮಗು ಹಸಿದು ಸೋಫಾದಲ್ಲೇ ನಿದ್ದೆ ಹೋಗುತ್ತಿತ್ತು. ಗ್ರಾಟಿನ್‌ಗೆ ಪಾತ್ರೆ ಬೇಡ, ಒಗ್ಗರಣೆ ಬೇಡ, ತೊಳೆಯುವುದು ಏನೂ ಇಲ್ಲ. ಎರಡು ತಟ್ಟೆಗೆ ಆರು ನಿಮಿಷ. ಖಾಲಿ ಪ್ಲಾಸ್ಟಿಕ್ ನನ್ನ ಮನೆಯ ಕಸದ ಚೀಲಕ್ಕೆ. ಧೃತಿಗೆ ಎರಡೇ ಷರತ್ತು: ಇಲ್ಲಿ ತಿಂದದ್ದನ್ನು ಅಲ್ಲಿ ಹೇಳಬಾರದು, ಅಲ್ಲಿ ಮತ್ತೆ ನಾಲ್ಕು ತುತ್ತು ತಿನ್ನಬೇಕು.

ಜನವರಿಯ ಸುಮೊ ಪಂದ್ಯಾವಳಿ ಹದಿನೈದು ದಿನ ನಡೆಯುತ್ತದೆ. ದೊಡ್ಡ ಪೈಲ್ವಾನರ ಕುಸ್ತಿ ಆರು ಗಂಟೆಗೆ ಸ್ವಲ್ಪ ಮುಂಚೆ ಮುಗಿಯುತ್ತದೆ. ನಮ್ಮ ಊಟದ ಹೊತ್ತಿಗೆ ಅದು ಕರಾರುವಾಕ್ಕಾಗಿ ಹೊಂದುತ್ತಿತ್ತು. ಕೊತಾತ್ಸು, ಅಂದರೆ ಕೆಳಗೆ ಹೀಟರ್ ಇರುವ ಗಿಡ್ಡ ಮೇಜು. ಅದರ ರಜಾಯಿಯೊಳಗೆ ಆರು ಕಾಲು ತೂರಿಸಿ ಕೂರುತ್ತಿದ್ದೆವು. ನೂರೈವತ್ತು ಕಿಲೊದ ಎರಡು ದೇಹ ತಲೆಗೆ ತಲೆ ಹೊಡೆದುಕೊಂಡಾಗ ಆ ಸದ್ದನ್ನು ಮೈಕು ಬಿಡದೆ ಹಿಡಿಯುತ್ತಿತ್ತು. ಹುಬ್ಬು ಸೀಳಿ ರಕ್ತ ಎದೆಗೆ ಇಳಿಯುತ್ತಿತ್ತು. ಅಂಗೈಯಿಂದ ಗಂಟಲಿಗೆ ತಿವಿಯುತ್ತಿದ್ದರು. ಸೋತವನು ಮಣ್ಣಿನ ಕಟ್ಟೆಯಿಂದ ಉರುಳಿ ಮುಂದಿನ ಸಾಲಿನ ಪ್ರೇಕ್ಷಕರ ಮೇಲೆ ಬೀಳುತ್ತಿದ್ದ. ಒಂದು ಸೋಮವಾರ ಹಿಮ ಬಿದ್ದು ರೈಲುಗಳು ತಡವಾದ ದಿನವೂ ನಾವು ಒಂದು ಪಂದ್ಯ ತಪ್ಪಿಸಲಿಲ್ಲ.

ಹೊರಗೆ ಮೆಲ್ಲಗೆ ಮಾತಾಡುವ ರೂಪಾ ಟಿವಿಯ ಮುಂದೆ ಬೇರೆಯವಳಾಗುತ್ತಿದ್ದಳು.

"ಹೊಡಿ! ಬಿಡಬೇಡ, ಹೊಡಿ! ಅಯ್ಯೋ ಗುಂಡಣ್ಣ, ಬೆಳಗ್ಗೆ ಊಟ ಮಾಡಿಲ್ವೇನೋ?"

"ಅವನು ತಿಂದಿರೋದಕ್ಕೇ ಹಾಗಿರೋದು" ಎಂದೆ.

"ತಿಂದು ಏನು ಬಂತು ಅಕ್ಕ, ನೋಡಿ, ಬಿದ್ದೇಬಿಟ್ಟ. ಸಣ್ಣವನೇ ಗೆದ್ದ!"

ಧೃತಿ ಇಬ್ಬರನ್ನೂ ತಿದ್ದುತ್ತಿದ್ದಳು. ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಮೂರು ಭಾಷೆಯಲ್ಲಿ. "ಆಂಟಿ, ಫಿಸ್ಟ್ ಯೂಸ್ ಮಾಡಂಗಿಲ್ಲ. ಹೇರ್ ಪುಲ್ ಮಾಡಂಗಿಲ್ಲ. ಮಾಡಿದ್ರೆ ಹನ್ಸೊಕು. ಔಟ್." ಹನ್ಸೊಕು ಎಂದರೆ ನಿಯಮ ಮುರಿದದ್ದು. ಅವಳ ಕಿಂಡರ್‌ಗಾರ್ಟನ್‌ನಲ್ಲಿ ಹುಡುಗರು ಸುಮೊ ಆಡುತ್ತಿದ್ದರು, ನಿಯಮಗಳೆಲ್ಲ ಬಾಯಿಪಾಠವಾಗಿದ್ದವು.

ಆ ಸಂಜೆಗಳು ಚೆನ್ನಾಗಿದ್ದವು. ಅದನ್ನು ಬರೆಯದೆ ಬಿಟ್ಟರೆ ಈ ವರದಿ ಸುಳ್ಳಾಗುತ್ತದೆ.

ಒಂದು ದಿನ ರೂಪಾ ಎಡಗೈಯಲ್ಲಿ ಚಮಚ ಹಿಡಿದಳು. ಬಲಗೈಯ ಎರಡು ಬೆರಳು ಊದಿ ನೀಲಿಯಾಗಿದ್ದವು. ಬಾಗಿಲಿಗೆ ಸಿಕ್ಕಿತು ಎಂದಳು. ಹತ್ತು ವರ್ಷ ಠಾಣೆಗಳಿಂದ ಬಂದ ಸುದ್ದಿ ತಿದ್ದಿದವಳು ನಾನು. ಬಾಗಿಲಿಗೆ ಸಿಕ್ಕಿದ ಬೆರಳು, ಬಚ್ಚಲಲ್ಲಿ ಜಾರಿದ ಹೆಂಗಸು ಎಷ್ಟು ಸಲ ನನ್ನ ಮೇಜಿನ ಮೇಲೆ ಹಾದುಹೋಗಿದ್ದವೋ ಲೆಕ್ಕವಿಲ್ಲ. ಐಸ್ ಕೊಟ್ಟೆ. ಏನೂ ಕೇಳಲಿಲ್ಲ.

ಫೆಬ್ರವರಿಯ ಮೊದಲ ವಾರ ಕಟ್ಟಡದ ನಿರ್ವಾಹಕರು ನಮ್ಮ ಸಾಲಿನ ಎಲ್ಲ ಅಂಚೆಪೆಟ್ಟಿಗೆಗಳಿಗೂ ಒಂದು ಕಾಗದ ಹಾಕಿದರು. ಸಂಜೆ ಎಂಟರ ಸುಮಾರಿಗೆ ಭಾರವಾದದ್ದು ನೆಲಕ್ಕೆ ಬೀಳುವಂಥ ಸದ್ದು ಕೆಳಮನೆಗಳಿಗೆ ಕೇಳಿಸುತ್ತಿದೆ, ದಯವಿಟ್ಟು ಪರಸ್ಪರ ಗಮನವಿರಲಿ ಎಂದಿತ್ತು. ಯಾವ ಮನೆ ಎಂದು ಬರೆದಿರಲಿಲ್ಲ. ಜಪಾನಿನಲ್ಲಿ ಹಾಗೆ ಬರೆಯುವುದೂ ಇಲ್ಲ. ರೂಪಾಳಿಗೆ ಓದಿ ಹೇಳಿದ್ದು ನಾನೇ.

"ಧೃತಿ ಕುಣೀತಾಳಲ್ಲ, ಅದೇ" ಎಂದಳು.

ಇಲ್ಲಿನ ಭಾರತೀಯರ ಮನೆಗಳ ಬಗ್ಗೆ ಬರುವ ದೂರೆಲ್ಲ ಸಾಮಾನ್ಯವಾಗಿ ಇವೇ: ಮಸಾಲೆಯ ವಾಸನೆ, ಇಲ್ಲವೇ ಮಕ್ಕಳ ಓಟ. ಓಟಕ್ಕೆ ನಮ್ಮವರ ಬಳಿ ಸಿದ್ಧ ಪರಿಹಾರವಿದೆ. ಊರಿಗೆ ವಾಪಸ್ಸು ಹೋಗುವ ಕುಟುಂಬ ತನ್ನ ಫೋಮ್ ಮ್ಯಾಟ್‌ಗಳನ್ನು ಮುಂದಿನ ಕುಟುಂಬಕ್ಕೆ ಕೊಟ್ಟು ಹೋಗುತ್ತದೆ. ಅವು ಒಂದಕ್ಕೊಂದು ಹಲ್ಲು ಕಚ್ಚಿ ಕೂರುವ ದಪ್ಪ ಚೌಕಗಳು. ಮೈಸೂರಿಗೆ ಹೊರಟಿದ್ದ ಒಂದು ಮನೆಯಿಂದ ಎರಡು ಕೋಣೆಗಾಗುವಷ್ಟು ಚೌಕಗಳನ್ನು ನಾನೇ ಕೇಳಿ ತಂದೆ. ಒಂದು ಭಾನುವಾರ ಬೆಳಗ್ಗೆ ರೂಪಾಳ ಮನೆಯಲ್ಲಿ ಅವನ್ನು ಹಾಸಿದೆವು. ಸತೀಶ ಅಂಗಿಯ ತೋಳು ಮಡಚಿ ಸೋಫಾ ಎತ್ತಿದ, ಅಂಚುಗಳನ್ನು ಅಳತೆ ಮಾಡಿ ಕತ್ತರಿಸಿದ, ಎಲ್ಲರಿಗೂ ಕಾಫಿ ಮಾಡಿದ.

"ಮೇಡಂ, ಇವಳು ಒಂದು ಜಂಪ್ ಮಾಡಿದ್ರೆ ಕೆಳಗಿನ ಮನೆ ಅಜ್ಜಿ ಹೆಲ್ಮೆಟ್ ಹಾಕ್ಕೊಂಡು ಮೇಜಿನ ಕೆಳಗೆ ಕೂತಿರ್ತಾರೆ, ಭೂಕಂಪ ಅಂತ" ಎಂದ. ಎಲ್ಲರೂ ನಕ್ಕೆವು. ರೂಪಾಳೂ ನಕ್ಕಳು.

ಕಾಗದದಲ್ಲಿ ಸಮಯ ಎಂಟು ಗಂಟೆ ಎಂದಿತ್ತು. ಆ ಹೊತ್ತಿಗೆ ಧೃತಿ ಕುಣಿಯುವುದಿಲ್ಲ, ತೂಕಡಿಸುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಬೇರೆ ಯಾರಾದರೂ ಇಂಥ ಪ್ರತಿ ಕೊಟ್ಟಿದ್ದರೆ ಆ ಸಮಯದ ಕೆಳಗೆ ಗೆರೆ ಎಳೆದು ವಾಪಸ್ಸು ಕಳಿಸುತ್ತಿದ್ದೆ. ಅಂದು ಮ್ಯಾಟ್‌ಗಳ ಮೂಲೆ ಒತ್ತಿ ಕೂರಿಸುತ್ತಿದ್ದೆ.

ಹತ್ತು ದಿನ ಕಳೆದ ಮೇಲೆ ಲಿಫ್ಟಿನಲ್ಲಿ ಮೂರನೇ ಮಹಡಿಯ ನಿಶಿದಾ-ಸಾನ್, ಅಂದರೆ ನಿಶಿದಾ ಅವರು, ಸಿಕ್ಕರು. ಎಪ್ಪತ್ತು ದಾಟಿದ, ಒಬ್ಬರೇ ಇರುವ ಹೆಂಗಸು. ರೂಪಾಳ ಮನೆಯ ನೇರ ಕೆಳಗೆ ಅವರ ಮನೆ. ಈಗ ಸದ್ದಿಲ್ಲ, ನಿಮ್ಮೆಲ್ಲರಿಗೂ ತೊಂದರೆ ಕೊಟ್ಟೆ ಎಂದು ಎರಡು ಸಲ ಬಾಗಿದರು. ನಾನೂ ಬಾಗಿದೆ.

ಮಾರ್ಚ್‌ನಲ್ಲಿ ಮುಂದಿನ ಪಂದ್ಯಾವಳಿ ಶುರುವಾಯಿತು. ಮೊದಲ ವಾರದ ಒಂದು ಸಂಜೆ ಒಬ್ಬ ಪೈಲ್ವಾನ ಎದುರಾಳಿಯನ್ನು ಕೆಡವಿದ. ಅವನ ಬೆರಳು ಎದುರಾಳಿಯ ಜುಟ್ಟಿಗೆ ಸಿಕ್ಕಿತ್ತು. ಕಪ್ಪು ಬಟ್ಟೆಯ ತೀರ್ಪುಗಾರರು ಕಟ್ಟೆ ಹತ್ತಿ ಮಾತಾಡಿಕೊಂಡು ಗೆದ್ದವನನ್ನೇ ಸೋಲಿಸಿದರು. ರೂಪಾ ನೀರು ತರಲು ಅಡುಗೆಮನೆಗೆ ಹೋಗಿದ್ದಳು. ಧೃತಿ ಚಮಚ ಎತ್ತಿ "ಹನ್ಸೊಕು!" ಎಂದು ಕೂಗಿದಳು. ಆಮೇಲೆ ತಟ್ಟೆಯಿಂದ ಕಣ್ಣೆತ್ತದೆ ಹೇಳಿದಳು:

"ಪಪ್ಪಾನೂ ಹನ್ಸೊಕು. ಅಮ್ಮನ್ ಹೇರ್ ಪುಲ್ ಮಾಡ್ತಾರೆ. ಆದ್ರೆ ನಮ್ಮನೇಲಿ ಜಡ್ಜ್ ಇಲ್ಲ."

ನೀರಿನ ಲೋಟ ಹಿಡಿದು ರೂಪಾ ಬಾಗಿಲಲ್ಲಿ ನಿಂತಿದ್ದಳು. ಟಿವಿಯಲ್ಲಿ ಮುಂದಿನ ಇಬ್ಬರು ಉಪ್ಪು ಎರಚುತ್ತಿದ್ದರು. ಮಗುವನ್ನು ಅಲ್ಲೇ ಬಿಟ್ಟು ನಾವು ಅಡುಗೆಮನೆಗೆ ಹೋದೆವು.

"ಎಷ್ಟು ದಿನದಿಂದ?"

"ಅಕ್ಕ, ದಯವಿಟ್ಟು."

"ಮ್ಯಾಟ್ ಹಾಸಿದ ಮೇಲೂನಾ?"

ಅವಳು ನನ್ನ ಮುಖ ನೋಡಿದಳು. "ಮ್ಯಾಟ್ ಹಾಸಿದ ಮೇಲೆ ಜಾಸ್ತಿ" ಎಂದಳು. "ಮೊದಲು ಕೆಳಗೆ ಕೇಳ್ಸತ್ತೆ ಅಂತ ನಿಲ್ಲಿಸ್ತಿದ್ರು."

ಪೊಲೀಸರಿಗೆ ಹೇಳೋಣ ಎಂದೆ. ಅವಳು ನನ್ನ ಮುಂಗೈ ಹಿಡಿದುಕೊಂಡಳು.

"ನನ್ನ ವೀಸಾ ಅವರ ವೀಸಾ ಮೇಲೆ ಇರೋದು. ಪಾಸ್‌ಪೋರ್ಟ್ ಎರಡೂ ಅವರ ಆಫೀಸ್ ಲಾಕರ್‌ನಲ್ಲಿದೆ. ಏನಾದ್ರೂ ಆದ್ರೆ ಧೃತೀನ ಊರಿಗೆ ಕಳಿಸಿ ಅವರ ಅಮ್ಮನ ಹತ್ರ ಬಿಡ್ತೀನಿ ಅಂದಿದಾರೆ. ನನ್ನ ಹೊಡೀಲಿ ಅಕ್ಕ, ತಡ್ಕೋತೀನಿ. ಇವಳನ್ನ ಕಿತ್ಕೊಂಡ್ರೆ ಬದುಕಲ್ಲ. ಏಪ್ರಿಲ್‌ನಲ್ಲಿ ಇವಳ ಸ್ಕೂಲ್ ಒಂದು ಶುರು ಆಗಿಬಿಡ್ಲಿ. ಸ್ಕೂಲ್ ರಿಜಿಸ್ಟರ್‌ನಲ್ಲಿ ಹೆಸರು ಬಂದ್ರೆ ಅಷ್ಟು ಸುಲಭವಾಗಿ ಎತ್ಕೊಂಡು ಹೋಗಕ್ಕಾಗಲ್ಲ. ಅಲ್ಲೀವರೆಗೂ ಯಾರಿಗೂ ಹೇಳಲ್ಲ ಅನ್ನಿ."

ಹೇಳುವುದಿಲ್ಲ ಎಂದೆ. ಶಾಲೆಗೆ ಇನ್ನೂ ಮೂರು ವಾರವಿತ್ತು.

ಮುಂದಿನ ಬುಧವಾರ ಧೃತಿ ನನ್ನ ಮನೆಯಲ್ಲಿ ತನ್ನದನ್ನೂ ತಿಂದು ತಾಯಿಯದರಲ್ಲಿ ಅರ್ಧ ತಿಂದಳು. ಅದಾದ ಮೇಲೆ ಅವರ ಮನೆಯಲ್ಲಿ ಏನಾಯಿತು ಎಂಬುದನ್ನು ರೂಪಾ ಪೊಲೀಸರಿಗೆ ಹೇಳಿದಂತೆ ಬರೆಯುತ್ತಿದ್ದೇನೆ. ಸತೀಶ ಅಂದು ಬೇಗ ಬಂದ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತನ್ನ ಚಪಾತಿಯ ತುತ್ತು ಅವಳ ಬಾಯಿಗಿಟ್ಟ. ಅವಳು ಮುಖ ತಿರುಗಿಸಿ ಹೊಟ್ಟೆ ತುಂಬಿದೆ ಎಂದು ಜಪಾನಿಯಲ್ಲಿ ಹೇಳಿದಳು. ಏನು ತಿಂದೆ ಎಂದು ಅವನು ನಗುತ್ತಲೇ ಕೇಳಿದ. ಅವಳು ಹೇಳಿದಳು.

ಎಂಟು ಗಂಟೆ ನಾಲ್ಕು ನಿಮಿಷಕ್ಕೆ ನನ್ನ ಮನೆಯ ಬೆಲ್ ಆಯಿತು. ಸತೀಶ ಒಬ್ಬನೇ ನಿಂತಿದ್ದ.

"ಸುಮಿಮಾಸೆನ್ ಮೇಡಂ, ಸಾರಿ, ಡಿಸ್ಟರ್ಬ್ ಮಾಡಿದ್ನಾ? ನಮ್ಮ ಸಾಮಾನು ಒಂದಿಷ್ಟು ನಿಮ್ಮ ಫ್ರೀಜರ್‌ನಲ್ಲಿದೆಯಂತೆ."

"ಇದೆ. ಇರಲಿ ಬಿಡಿ, ಜಾಗ ಇದೆ."

"ಛೆ, ನಿಮಗ್ಯಾಕೆ ತೊಂದರೆ. ಕೊಟ್ಬಿಡಿ."

ಅವನ ದನಿಯಲ್ಲಿ ಏರಿಳಿತವಿರಲಿಲ್ಲ. ನಾನು ಒಳಗೆ ಹೋಗಿ ಐದು ಪೊಟ್ಟಣ ತೆಗೆದೆ. ಅವನಿಗೆ ಹಿಡಿಯಲು ಅನುಕೂಲವಾಗಲಿ ಎಂದು ಉದ್ದ ಹಿಡಿಯ ಒಂದು ಬಟ್ಟೆ ಚೀಲಕ್ಕೆ ಹಾಕಿ ಕೊಟ್ಟೆ. ಅರಿಗಾತೋ ಎಂದು ಥ್ಯಾಂಕ್ಸ್ ಹೇಳಿ ಅವನು ಹೋದ.

ಎಂಟು ಹನ್ನೊಂದಕ್ಕೆ ಮೊದಲ ಸದ್ದು. ಕಾಂಕ್ರೀಟ್ ಗೋಡೆಯಲ್ಲಿ ಅದು ಕೇಳಿಸಲಿಲ್ಲ, ಬಾಲ್ಕನಿಯ ಕಡೆಯಿಂದ ಬಂತು. ನಾನು ಟಿವಿ ಆರಿಸಿದೆ. ಗಂಡನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ರೂಪಾಳಿಗೆ ಕೊಟ್ಟ ಮಾತಿನ ಬಗ್ಗೆ ಯೋಚಿಸಿದೆ. ಇಷ್ಟರಲ್ಲಿ ನಾಲ್ಕು ನಿಮಿಷ ಹೋಯಿತು. ಆಗ ಬಾಲ್ಕನಿಯ ಅಡ್ಡ ಹಲಗೆಯನ್ನು ಆಚೆಯಿಂದ ಯಾರೋ ತಟ್ಟಿದರು.

"ಆಂಟಿ. ಆಕೆತೆ. ಆಂಟಿ, ಆಕೆತೆ." ತೆಗೆಯಿರಿ, ತೆಗೆಯಿರಿ ಎನ್ನುತ್ತಿದ್ದಳು ಧೃತಿ.

ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಎರಡು ಮನೆಯ ಬಾಲ್ಕನಿಗಳ ನಡುವೆ ಗೋಡೆ ಇರುವುದಿಲ್ಲ, ತೆಳ್ಳನೆಯ ಹಲಗೆ ಇರುತ್ತದೆ. ತುರ್ತು ಸಮಯದಲ್ಲಿ ಇದನ್ನು ಒಡೆದು ಪಕ್ಕದ ಮನೆಗೆ ದಾಟಿ ಎಂದು ಅದರ ಮೇಲೆ ಬರೆದಿರುತ್ತದೆ. ಬೆಂಕಿಗೆ, ಭೂಕಂಪಕ್ಕೆ ಎಂದು ನಾನು ತಿಳಿದಿದ್ದೆ. ಅದರ ಮುಂದೆ ಏನನ್ನೂ ಇಡಬಾರದು. ನಾನು ನೀರಿನ ಬಾಟಲಿಗಳ ಆರು ಪೆಟ್ಟಿಗೆ ಪೇರಿಸಿಟ್ಟಿದ್ದೆ, ಭೂಕಂಪವಾದರೆ ಬೇಕಾಗುತ್ತದೆಂದು. ಒಂದೊಂದನ್ನೇ ಎಳೆದು ಹಾಕಿದೆ. ಹಿಂದೆ ಸರಿ ಎಂದು ಧೃತಿಗೆ ಕೂಗಿ ಒದ್ದೆ. ಮೂರನೇ ಒದೆತಕ್ಕೆ ಹಲಗೆ ಸೀಳಿತು. ನನ್ನ ಮೀನಖಂಡ ಅದರ ಅಂಚಿಗೆ ಸಿಕ್ಕಿ ಹರಿಯಿತು. ಮಗು ತೂರಿಕೊಂಡು ಈಚೆ ಬಂತು. ನಾನು ಆಚೆ ಹೋದೆ.

ಗಾಜಿನ ಬಾಗಿಲು ತೆರೆದಿತ್ತು. ರೂಪಾ ಬಣ್ಣಬಣ್ಣದ ಮ್ಯಾಟಿನ ಮೇಲೆ ಮಂಡಿಯೂರಿದ್ದಳು. ಅವಳ ಜಡೆ ಸತೀಶನ ಎಡಗೈಗೆ ಎರಡು ಸುತ್ತು ಸುತ್ತಿತ್ತು. ಬಲಗೈಯಲ್ಲಿ ಆ ಚೀಲ. ಅವನು ಅದನ್ನು ತಲೆಯ ಹಿಂದಿನಿಂದ ಬೀಸಿ ತಂದು ಅವಳ ಬೆನ್ನಿಗೆ ಹೊಡೆದ. ಕಲ್ಲಿನ ಮೇಲೆ ಒಗೆಯುವಂಥ ಸದ್ದು. ಮೊದಲೇ ಮುರಿದಿದ್ದ ಕೈಯನ್ನು ಅವಳು ಎದೆಗೆ ಅವುಚಿಕೊಂಡಿದ್ದಳು. ಕೂಗುತ್ತಿರಲಿಲ್ಲ. ಕೆಳತುಟಿ ಸೀಳಿ ಗಲ್ಲದಿಂದ ರಕ್ತ ಮ್ಯಾಟಿಗೆ ತೊಟ್ಟಿಕ್ಕುತ್ತಿತ್ತು.

"ಬಿಡಿ ಅವಳನ್ನ" ಎಂದೆ.

ಅವನು ತಿರುಗಿ ನೋಡಿದ. "ಮೇಡಂ, ಚಪ್ಪಲಿ ಹಾಕ್ಕೊಂಡು ಒಳಗೆ ಬಂದಿದೀರಿ" ಎಂದ. ಮತ್ತೊಂದು ಸಲ ಬೀಸಿದ. ಅದು ಅವಳ ಹೆಗಲಿಗೆ ಬಿತ್ತು. ನಾನು ಚೀಲದ ಹಿಡಿಗೆ ಜೋತುಬಿದ್ದೆ. ಅವನ ಮೊಣಕೈ ನನ್ನ ದವಡೆಗೆ ಬಡಿಯಿತು, ಒಂದು ಹಲ್ಲು ಅಲುಗಿತು. ಚೀಲ ಹರಿದು ಪೊಟ್ಟಣಗಳು ನೆಲಕ್ಕೆ ಬಿದ್ದವು. ಮ್ಯಾಟಿನ ಮೇಲೆ ಬಿದ್ದದ್ದರಿಂದ ಸದ್ದಾಗಲಿಲ್ಲ. ಅವನು ಒಂದನ್ನು ಎತ್ತಿಕೊಳ್ಳುವಷ್ಟರಲ್ಲಿ ಬೀದಿ ತಿರುವಿನ ಠಾಣೆಯಿಂದ ಬಂದ ಪೊಲೀಸರು ಮುಂಬಾಗಿಲು ದಬದಬ ಬಡಿಯತೊಡಗಿದರು.

ಪೊಲೀಸರ ದಾಖಲೆಯ ಪ್ರಕಾರ ಅಂದು ಆ ಕಟ್ಟಡದಿಂದ ಹೋದ ಕರೆ ಒಂದೇ. ಮಾಡಿದ್ದು ನಿಶಿದಾ-ಸಾನ್. ನಾಲ್ಕನೇ ಮಹಡಿಯಲ್ಲಿ ಯಾರೋ ಬಾಲ್ಕನಿ ಒಡೆಯುತ್ತಿದ್ದಾರೆ ಎಂಬುದು ಅವರ ದೂರು. ನಾನು ಕರೆ ಮಾಡಿರಲಿಲ್ಲ. ನನ್ನ ಫೋನಿನಲ್ಲಿ ಆ ಹೊತ್ತಿಗಿದ್ದುದು ಗಂಡನಿಗೆ ಮಾಡಿದ ಎರಡು ಕರೆ ಮಾತ್ರ.

ಒಬ್ಬ ಯುವ ಅಧಿಕಾರಿ ಪೊಟ್ಟಣಗಳನ್ನು ಎಣಿಸಿ ಪಾರದರ್ಶಕ ಚೀಲಕ್ಕೆ ಹಾಕಿಕೊಂಡ. ಅಷ್ಟರಲ್ಲಿ ಅವು ಕರಗಿ ಮೆತ್ತಗಾಗಿದ್ದವು. ಇದರಿಂದಲೇ ಹೊಡೆದದ್ದೇ ಎಂದು ಮೂರು ಸಲ ಕೇಳಿದ. ಆಂಬುಲೆನ್ಸಿನಲ್ಲಿ ರೂಪಾ ಒಂದೇ ಮಾತು ಕೇಳುತ್ತಿದ್ದಳು: "ಧೃತಿ ನನ್ನ ಜೊತೇನೇ ಬರ್ತಾಳಲ್ವಾ?" ಮಹಿಳಾ ಅಧಿಕಾರಿಗೆ ಅದನ್ನು ಜಪಾನಿ ಭಾಷೆಗೆ ತಿರುಗಿಸಿ ಹೇಳಿದೆ. ಬರುತ್ತಾಳೆ ಎಂದರು ಅವರು.

ಎರಡು ದಿನ ಬಿಟ್ಟು ನಿಶಿದಾ-ಸಾನ್ ನನ್ನ ಬಾಗಿಲಿಗೆ ಬಂದರು. ಜನವರಿಯಲ್ಲಿ ಹೆಂಗಸಿನ ಅಳು ಕೇಳಿಸುತ್ತಿತ್ತು, ಹಾಗಾಗಿಯೇ ನಿರ್ವಾಹಕರಿಗೆ ತಿಳಿಸಿದ್ದು ಎಂದರು. ಇನ್ನೊಮ್ಮೆ ಕೇಳಿಸಿದರೆ ಪೊಲೀಸರಿಗೆ ಹೇಳುವುದೆಂದು ನಿರ್ಧರಿಸಿದ್ದರಂತೆ. ಫೆಬ್ರವರಿಯಿಂದ ಏನೂ ಕೇಳಿಸಲಿಲ್ಲ. ಯಾರೋ ಸಹಾಯ ಮಾಡಿದರು, ಸರಿಹೋಯಿತು ಎಂದುಕೊಂಡೆ ಎಂದು ಹೇಳಿ ತಡವಾದದ್ದಕ್ಕೆ ಕ್ಷಮೆ ಕೇಳಿದರು. ಮ್ಯಾಟ್ ತಂದವಳು ನಾನು ಎಂದು ಅವರಿಗೆ ಹೇಳಿದೆ. ಅವರು ಬಹಳ ಹೊತ್ತು ಬಾಗಿದ ತಲೆ ಎತ್ತಲಿಲ್ಲ.

ತಾಯಿ ಮಗಳನ್ನು ಆಸ್ಪತ್ರೆಯಿಂದ ನೇರವಾಗಿ ಒಂದು ಆಶ್ರಯಗೃಹಕ್ಕೆ ಕಳಿಸಿದರು. ಎಲ್ಲಿಗೆ ಎಂದು ನನಗೂ ಹೇಳಲಿಲ್ಲ. ಸತೀಶ ದಂಡ ಕಟ್ಟಿ ಬಿಡುಗಡೆಯಾದ. ಅವನ ಕಂಪನಿ ಆ ಬೇಸಿಗೆಯಲ್ಲಿ ಅವನನ್ನು ಬೆಂಗಳೂರಿಗೆ ವಾಪಸ್ಸು ಕರೆಸಿಕೊಂಡಿತು. ಏಪ್ರಿಲ್‌ನಲ್ಲಿ ಧೃತಿ ಬೇರೊಂದು ಊರಿನಲ್ಲಿ ಒಂದನೇ ತರಗತಿಗೆ ಸೇರಿದಳು. ಒಂದೂವರೆ ವರ್ಷದ ಮೇಲೆ ರೂಪಾ ಹೊಸ ನಂಬರಿನಿಂದ ಫೋನ್ ಮಾಡಿದಾಗ ಇದು ತಿಳಿಯಿತು. ಅವಳ ಎಡಗೈ ಪೂರ್ತಿ ತಿರುಗುವುದಿಲ್ಲ. ಈಗ ಅವಳಿಗೆ ಸ್ವಂತ ವೀಸಾ ಇದೆ, ಕೆಲಸ ಇದೆ. ಧೃತಿ ಜೂನಿಯರ್ ಹೈಸ್ಕೂಲಿನಲ್ಲಿದ್ದಾಳೆ. ಅವರಿರುವ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ.

ಹೋದ ಶನಿವಾರ ಉರಯಾಸುವಿನ ಹಳೆಯ ಪರಿಚಯದವರೊಬ್ಬರು ಫೋನ್ ಮಾಡಿದ್ದರು. ಸತೀಶ ಬೇರೆ ಕಂಪನಿ ಸೇರಿ ಮತ್ತೆ ಟೋಕಿಯೊಗೆ ಬಂದಿದ್ದಾನೆ, ಮಗಳು ಯಾವ ಶಾಲೆಯಲ್ಲಿ ಓದುತ್ತಿದ್ದಾಳೆ ಎಂದು ಸಿಕ್ಕವರನ್ನೆಲ್ಲ ವಿಚಾರಿಸುತ್ತಿದ್ದಾನೆ ಎಂದರು. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ನಾನು ಈ ವಿಷಯವನ್ನು ರೂಪಾಳಿಗೆ ಮೆಸೇಜ್ ಮಾಡಿದೆ. ಒಂಬತ್ತು ಇಪ್ಪತ್ತಕ್ಕೆ ಓದಿದ ಗುರುತು ಬಿದ್ದಿದೆ. ಇವತ್ತು ಗುರುವಾರ. ಉತ್ತರ ಬಂದಿಲ್ಲ.